ಚಮನಬಿಯ ಕಸುಬು

ಜಗಳೂರಿನ ಬಳೆಗಾರ್ತಿ ಚಮನಬಿ ಬಳೆಯ ಮಲಾರವನ್ನು ಹೆಗಲಿಗೇರಿಸಿಕೊಂಡು ಸೊಕ್ಕೆ ಊರಿಗೆ ಕಾಲಿಟ್ಟಳೆಂದರೆ, ಒಲೆಯ ಮೇಲಿನ ಸಾರು ಉಕ್ಕಿ ಬೆಂಕಿ ಆರಿದರೂ ಹೆಂಗಸರಿಗೆ ಪರಿವೆ ಇರುತ್ತಿರಲಿಲ್ಲ. ಬಳೆಯನ್ನು ಯಾರು ಬೇಕಾದರೂ ಮಾರಬಹುದು, ತೊಡಿಸುವುದಕ್ಕೆ ಮಾತ್ರ ತಾನೇ ಆಗಬೇಕು ಎಂಬುದು ಅವಳ ಜಂಬ. ಆ ಜಂಬ ಸುಳ್ಳೂ ಅಲ್ಲ. ಹರಳೆಣ್ಣೆ ಸವರಿ, ರೊಟ್ಟಿಯ ಹಿಟ್ಟು ನಾದಿದ ಹಾಗೆ ಗೆಣ್ಣುಗೆಣ್ಣನ್ನೂ ನಾದಿ, "ಕೈ ಸಡ್ಲ ಬಿಡವ್ವಾ, ನಾನೇನು ಜಗಳಕ್ಕೆ ಬಂದೀನಾ?" ಎಂದು ನಗಿಸುತ್ತಲೇ, ಬೆಕ್ಕಿನ ಕಾಲಿಗೂ ಬಿಗಿಯಾಗುವಂಥ ಬಳೆಯನ್ನು ಒನಕೆ ಹಿಡಿದು ಗಡುಸಾದ ಕೈಗೆ ಏರಿಸಿಬಿಡುತ್ತಿದ್ದಳು. ಎಲ್ಲೋ ದೂರದಲ್ಲಿ ಯುದ್ಧ ಬಂದು ಬಳೆಯ ಬೆಲೆ ಗಗನಕ್ಕೇರಿದ್ದರೂ, ತೊಡಿಸುವಾಗ ಒಡೆದದ್ದೆಲ್ಲ ಅವಳ ನಷ್ಟವೇ. "ತಪ್ಪು ಗಾಜಿಂದಲ್ಲ, ಇವುಗಳದ್ದು" ಎಂದು ತನ್ನ ಬೆರಳುಗಳಿಗೇ ಬೈಯುತ್ತಿದ್ದಳು. ಬಿಸಿಲು ಇಳಿಯುವ ಮುಂಚೆ ಪಕ್ಕದ ಊರನ್ನೂ ಮುಗಿಸಬೇಕೆಂದು ಗಡಿಬಿಡಿ ಮಾಡುವವಳು, ಶಿವಗಂಗಮ್ಮನ ಮನೆಗೆ ಬಂದರೆ ಮಾತ್ರ ಮಲಾರವನ್ನು ಹೊರಗಿನ ಕಟ್ಟೆಯ ಮೇಲಿಟ್ಟು ಬರಿಗೈಯಲ್ಲಿ ಒಳಗೆ ಹೋಗುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಶಿವಗಂಗಮ್ಮ ಬಳೆ ತೊಡುವಂತಿರಲಿಲ್ಲ. ಆದರೂ ಚಮನಬಿ ಎದುರು ಕೂತು, ಅದೇ ಹರಳೆಣ್ಣೆ ಸವರಿ, ಮೊದಲಿನಂತೆಯೇ ಅವಳ ಕೈ ನಾದುತ್ತಿದ್ದಳು. "ಬಳೆ ಇಲ್ಲದ ಕೈಗೆ ಯಾಕೆ ಹೊತ್ತು ಕಳೀತೀಯೇ? ಹೋಗು, ಯಾಪಾರ ನೋಡ್ಕೋ" ಎಂದು ಶಿವಗಂಗಮ್ಮ ಒಮ್ಮೆ ಗದರಿದಳು. "ಬಳೆ ಮಾರೋದು ಯಾಪಾರ ಕಣವ್ವಾ. ಕೈ ನೋಯದಂಗೆ ನೋಡ್ಕಳ್ಳೋದು ನನ್ನ ಕಸುಬು" ಎಂದಳು ಚಮನಬಿ, ತಲೆ ಎತ್ತದೆ. ಶಿವಗಂಗಮ್ಮ ಸೆರಗಿನೊಳಗಿದ್ದ ಇನ್ನೊಂದು ಕೈಯನ್ನೂ ಈಚೆ ತೆಗೆದು ಅವಳ ಮುಂದಿಟ್ಟಳು.