ಧನ್ಯವಾದ ಹೇಳುವ ಮ್ಯಾನೇಜರು

ನಾನು ಶೃಂಗೇರಿಯ ಒಂದು ಲಾಡ್ಜಿನಲ್ಲಿ ಮ್ಯಾನೇಜರು. ಹೋದ ಮಳೆಗಾಲದಲ್ಲಿ, ಯಾತ್ರಿಕರು ಕಡಿಮೆಯಿದ್ದ ಹೊತ್ತು ನೋಡಿ, ಮಾಲೀಕರು ನನ್ನನ್ನು ಚಿಕ್ಕಮಗಳೂರಿಗೆ ತರಬೇತಿಗೆ ಕಳಿಸಿದರು. ನಾಯಕನಾದವನು ಕೈಕೆಳಗಿನವರಿಗೆ ದಿನವೂ ಕೃತಜ್ಞತೆ ಹೇಳಬೇಕು, ಆಗ ಎಲ್ಲರೂ ಒಂದೇ ಮನೆಯವರಂತಾಗುತ್ತಾರೆ ಎಂದು ಅಲ್ಲಿ ಟೈ ಕಟ್ಟಿಕೊಂಡಿದ್ದವರೊಬ್ಬರು ಹೇಳಿದರು. ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಕೃತಜ್ಞತೆ ಹೇಳಿದ್ದನ್ನು ನಾನು ಕೇಳಿಲ್ಲ. ತರಬೇತಿಯ ಊಟ ಚೆನ್ನಾಗಿದ್ದುದರಿಂದ ಎದುರು ಮಾತಾಡಲಿಲ್ಲ.

ಮರುದಿನ ಬೆಳಿಗ್ಗೆಯೇ ನಾಯಕತ್ವ ಶುರು ಮಾಡಿದೆ. ಕೊಪ್ಪದ ಕಡೆಯ ನಮ್ಮ ಅಡುಗೆಯವರು ಉಪ್ಪಿಟ್ಟು ತಿರುವುತ್ತಿದ್ದರು. ಎದುರು ನಿಂತು, "ನಿಮ್ಮ ಕೆಲಸಕ್ಕೆ ತುಂಬ ಧನ್ಯವಾದ" ಎಂದೆ.

ಅವರು ಸೌಟು ಕೆಳಗಿಟ್ಟರು. "ಎಂತಕ್ಕೆ ಮಾರಾಯ್ರೆ? ಅಡುಗೆಗೆ ಬೇರೆ ಯಾರನ್ನಾದ್ರೂ ನೋಡಿದ್ರಾ?"

"ಛೆ, ಸುಮ್ನೆ ಹೇಳ್ದೆ."

"ಸುಮ್ನೆ ಯಾರು ಹೇಳ್ತಾರೆ?"

ಮಧ್ಯಾಹ್ನದೊಳಗೆ ಲಾಡ್ಜು ಮಾರಾಟವಾಯಿತೆಂಬ ಸುದ್ದಿ ಬಸ್‌ಸ್ಟ್ಯಾಂಡು ಮುಟ್ಟಿತ್ತು. ಸಂಜೆ, ನರಸಿಂಹರಾಜಪುರಕ್ಕೆ ಹೋಗಿದ್ದ ಮಾಲೀಕರೇ ಅಲ್ಲಿಂದ ಫೋನ್ ಮಾಡಿ, ಲಾಡ್ಜನ್ನು ಯಾರು ಕೊಂಡದ್ದು ಎಂದು ನನ್ನನ್ನು ವಿಚಾರಿಸಿದರು.

ಬರೀ ಧನ್ಯವಾದ ಸಾಲದು, ಯಾವ ಕೆಲಸಕ್ಕೆಂದು ಬಿಡಿಸಿ ಹೇಳಬೇಕು ಎಂಬುದೂ ತರಬೇತಿಯಲ್ಲಿ ಕಲಿತದ್ದೇ. ರೂಮು ಗುಡಿಸಿ ಒರೆಸುವ ಅಸ್ಸಾಮಿನ ಹೆಂಗಸಿಗೆ ಹಾಗೆ ಬಿಡಿಸಿ ಹೇಳೋಣವೆಂದು ಹುಡುಕಿಕೊಂಡು ಹೋದೆ. ಅವಳು ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕ ತಗಡಿನಡಿ ಕೂತು ಉಣ್ಣುತ್ತಿದ್ದಳು. ಇರಿಚಲು ಹೊಡೆದು ತಟ್ಟೆಯ ಅನ್ನಕ್ಕೂ ಮಳೆ ಬೀಳುತ್ತಿತ್ತು.

"ಇಲ್ಯಾಕೆ ಕೂತಿದ್ದೀಯಮ್ಮ?"

"ಕೆಳಗೆ ಜಾಗ ಇಲ್ಲ ಹೇಳಿದ್ರು ಸಾರ್."

ಬಂದ ಕೆಲಸ ಬಿಡಬಾರದಲ್ಲ. "ರೂಮೆಲ್ಲ ಚೊಕ್ಕ ಇಡ್ತೀಯ, ಧನ್ಯವಾದ" ಎಂದೆ.

"ಧನ್ಯವಾದ ಬೇಡ ಸಾರ್. ಕೆಳಗೆ ಊಟ ಮಾಡ್ಬಹುದಾ?"



ಕೆಳಗಿಳಿದು ಅಡುಗೆಮನೆ ನೋಡಿದೆ. ಕೆಲಸದವರು ಕೂತು ಉಣ್ಣುವ ಬೆಂಚಿನ ಒಂದು ತುದಿಯಲ್ಲಿ ಆಲೂಗಡ್ಡೆ ಮೂಟೆ ಆರಾಮಾಗಿ ಕೂತಿತ್ತು.

"ಜಾಗ ಎಲ್ಲುಂಟು, ನೀವೇ ನೋಡಿ" ಎಂದರು ಅಡುಗೆಯವರು.

"ಆಲೂಗಡ್ಡೆ ಕೂತಿದೆಯಲ್ಲ?"

"ಅದು ಮೊದ್ಲಿಂದ ಅಲ್ಲೇ ಇರೋದು."

ಸರ್ವಿಸ್‌ನಲ್ಲಿ ಆಲೂಗಡ್ಡೆಯೇ ಸೀನಿಯರ್ ಎಂದಾಯಿತು. ನಾನೇ ಮೂಟೆ ಎಳೆಯಲು ಹೋದೆ, ಸೊಂಟ ಹಿಡಿದುಕೊಂಡಿತು. ಅಡುಗೆಯವರು ಓಡಿಬಂದು ಇನ್ನೊಂದು ತುದಿ ಹಿಡಿದರು. ಮನಸ್ಸು ಕರಗಿ ಅಲ್ಲ, ಮೂಟೆ ಹರಿದೀತೆಂದು.

ಮರುದಿನದಿಂದ ಅವಳು ಬೆಂಚಿನ ಆ ತುದಿಯಲ್ಲಿ ಕೂತು ಉಣ್ಣತೊಡಗಿದಳು. ಇನ್ನೊಂದು ತುದಿಯಲ್ಲಿ ಅಡುಗೆಯವರು, ನಡುವೆ ನಾನು. ಇಬ್ಬರೂ ತಂತಮ್ಮ ತಟ್ಟೆ ನೋಡಿಕೊಂಡೇ ಉಣ್ಣುತ್ತಿದ್ದರು. ಒಂದು ದಿನ ಮಾಲೀಕರು ಬಂದು ಫೋಟೋ ತೆಗೆದು, "ನಾವೆಲ್ಲ ಒಂದೇ ಕುಟುಂಬ" ಎಂದು ಸ್ಟೇಟಸ್ ಹಾಕಿಕೊಂಡು, ಉಣ್ಣಲು ತಮ್ಮ ಮನೆಗೆ ಹೋದರು.

ಕೆಲವು ದಿನ ಕಳೆದ ಮೇಲೆ ಅವಳು ತಟ್ಟೆಯಿಂದ ತಲೆಯೆತ್ತಿ, "ಸಾಂಬಾರಿಗೆ ಯಾಕೆ ಬೆಲ್ಲ ಹಾಕ್ತೀರಿ? ಪಾಯಸ ಆಗ್ತದೆ" ಎಂದಳು.

ಅಡುಗೆಯವರು ಕೆಂಪಾದರು. "ನನ್ನ ಸಾಂಬಾರಿಗೆ ಹೆಸರಿಡ್ತೀಯಾ? ದೊಡ್ಡ ದೊಡ್ಡವ್ರು ಉಂಡು ಹೋಗಿದಾರೆ ಇಲ್ಲಿ!"

"ಅವ್ರು ಒಂದು ದಿನ ಉಣ್ತಾರೆ. ನಾನು ದಿನಾ ಉಣ್ಬೇಕು."

ನಾಯಕನಾಗಿ ನಾನು ಬಾಯಿ ಹಾಕಿದೆ. ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿ ನೋಡಿದರು. ನನ್ನ ಅನ್ನಕ್ಕೆ ಇನ್ನೊಂದು ಸೌಟು ಸಾಂಬಾರು ಹಾಕಿಕೊಂಡೆ.

ಮಾರನೆಯ ದಿನ ಅಡುಗೆಯವರು ಒಂದು ಸಣ್ಣ ಪಾತ್ರೆಯನ್ನು ಅವಳ ಮುಂದೆ ಕುಕ್ಕಿ, "ಬೆಲ್ಲ ಹಾಕದ್ದು. ತಿನ್ನು" ಎಂದರು. ಅವಳು ಅನ್ನಕ್ಕೆ ಸುರಿದುಕೊಂಡು, ಕಲಸಿ, ಒಂದು ತುತ್ತು ತಿಂದಳು.

"ಉಪ್ಪು ಕಮ್ಮಿ."