ಎರಡನೇ ಬ್ಯಾಟರಿ ಕೂರದ ಜೀಪು

ಬ್ಯಾಡಗಿಯಿಂದ ಹಾವೇರಿ ಮಟ ನಾನು ರಿಪೇರಿ ಮಾಡಿದ ಗಾಡಿ ಎಂದೂ ನಡುದಾರಿಯಲ್ಲಿ ನಿಂತಿಲ್ಲ. ಶುದ್ಧ ಸುಳ್ಳು, ಬಿಡ್ರಿ. ಚಹಾ ಕುಡೀರಿ, ಹೇಳ್ತೀನಿ.

ಮೇಡ್ಲೇರಿಯ ಒಬ್ಬ ಚಾಚಾ ರಾಣೇಬೆನ್ನೂರಿನ ನನ್ನ ಅಂಗಡಿಗೆ ಹಳೇ ಜೀಪು ತಂದಿದ್ದರು. ದವಾಖಾನೆ ಮುಟ್ಟುವ ತನಕ ಹೆಂಡತಿಯ ಆಕ್ಸಿಜನ್ ಮಷಿನ್ ನಡೆಯಲು ಎರಡನೇ ಬ್ಯಾಟರಿ ಬೇಕಿತ್ತು. ನನಗೆ ಇಸ್ಪೀಟಾಟದ ಅವಸರ. “ಸಾಮಾನು ಬಂದಿಲ್ರಿ, ಎಂಟು ದಿನ ಬಿಟ್ಟು ಬರ್ರಿ” ಅಂದೆ. ಅಷ್ಟರೊಳಗೆ ಚಾಚಿ ದಾರಿಯಲ್ಲೇ ಉಸಿರು ಸಾಲದೆ ತೀರಿಕೊಂಡರು.

ಆಮೇಲೆ ಚಾಚಾ ಬಂದು ಕೇಳಿದರು: “ಖರೇ ಹೇಳೋ ತಮ್ಮಾ. ಅವತ್ತ ನಾ ಹಟ ಹಿಡಿದು ಹಾಕಿಸಿದ್ರ ಉಳೀತಿದ್ಲೇನು?”

“ಇಲ್ಲ ಚಾಚಾ. ಅವತ್ತ ನಾ ಸರಿಯಾಗಿ ನೋಡದ ಎಂಟು ದಿನ ಅಂದಿದ್ದೆ. ಈ ಜೀಪಿಗೆ ಎರಡನೇ ಬ್ಯಾಟರಿ ಕುಂದ್ರೂದ ಇಲ್ಲ.”

“ಹೌದಾ?” ಎಂದು ಬಾನೆಟ್ ಸವರಿ, ತುಸು ಹಗುರಾಗಿ ಹೋದರು. ಅಂಥ ಜೀಪುಗಳಿಗೆ ನಾನು ಎಷ್ಟೋ ಸಲ ಎರಡನೇ ಬ್ಯಾಟರಿ ಕೂರಿಸಿದ್ದೇನೆ.

ಚಹಾದ ರೊಕ್ಕ ನೀವ ಕೊಡ್ರಿ. ನನ್ನ ಕಿಸೆಯಾಗ ಚಿಲ್ಲರೆ ಇಲ್ಲ, ಇದನ್ನರ ನಂಬ್ರಿ.