ಎರಡು ಗಾಲಿಯ ತರಕಾರಿ ಚೀಲ

ನಮ್ಮ ಅಣ್ಣನ ಮಗನಿಗೆ ಹೆತ್ತವರಿಟ್ಟ ಹೆಸರು ಪಾಸ್‌ಪೋರ್ಟಿನಲ್ಲಿದೆ. ಜನರ ಬಾಯಲ್ಲಿರುವುದು ನಿಧಾನಪ್ಪ ಎಂಬ ಹೆಸರು. ನೀರು ಕುಡಿಯುವಾಗಲೂ ಲೋಟದ ತಳ ನೋಡಿ ಕುಡಿಯುವ ಆಸಾಮಿ. "ಇವನನ್ನ ಬೆಂಕಿ ತರೋಕೆ ಕಳಿಸಿದ್ರೆ ಬೂದಿ ತರ್ತಾನೆ" ಎಂದು ಅವನ ಅಕ್ಕ ಚಿಕ್ಕಂದಿನಲ್ಲೇ ಮುದ್ರೆ ಒತ್ತಿದ್ದಳು. ನಾನು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ: ನಿಧಾನವೆಂಬುದು ಸೋಮಾರಿತನದ ತಮ್ಮನಲ್ಲ. ಅದರ ಮನೆತನವೇ ಬೇರೆ.

ಹೊರದೇಶಕ್ಕೆ ಹೋಗಿ ಅವನಿಗೆ ಆರು ವರ್ಷವಾಯಿತು. ಅಲ್ಲಿ ಒಂದು ದೊಡ್ಡ ಗೋದಾಮಿನಲ್ಲಿ ಲಾರಿಗಳಿಗೆ ಸರಕು ತುಂಬುವ ಕೆಲಸ. ಭಾರದ ಪೆಟ್ಟಿಗೆ ಕೆಳಗೆ, ಹಗುರದ್ದು ಮೇಲೆ, ಗೋಡೆ ಕಟ್ಟುವವನು ಇಟ್ಟಿಗೆ ಕೂರಿಸುವಂತೆ ಎರಡರ ಸಂದಿನ ಮೇಲೆ ಇನ್ನೊಂದರ ಹೊಟ್ಟೆ. ಉಳಿದವರು ಎರಡು ಲಾರಿ ತುಂಬುವ ಹೊತ್ತಿಗೆ ಇವನದು ಒಂದೂವರೆ. ಆದರೆ ಗಾಜಿನ ಸಾಮಾನು ಬಂದ ದಿನ ಮೇಸ್ತ್ರಿ ಹುಡುಕುವುದು ಇವನನ್ನೇ. ಆರು ವರ್ಷದಲ್ಲಿ ಇವನು ಕೂರಿಸಿದ ಒಂದು ಪೆಟ್ಟಿಗೆಯ ಮೂಲೆಯೂ ನಜ್ಜಾಗಿಲ್ಲ.

ಹೆಂಡತಿ, ಏಳು ವರ್ಷದ ಮಗಳು ಊರಲ್ಲೇ ಇದ್ದರು. ಸರಕು ತುಂಬುವವನಿಗೆ ಸಂಸಾರ ಕರೆಸಿಕೊಳ್ಳಲು ಅಲ್ಲಿ ಅನುಮತಿ ಇಲ್ಲ, ಟ್ರೇಲರ್ ಓಡಿಸುವವನಿಗೆ ಇದೆ. ಟ್ರೇಲರ್ ಎಂದರೆ ಮುಂದೆ ಎಂಜಿನ್ ಇರುವ ತಲೆ, ಹಿಂದೆ ಕೊಂಡಿಗೆ ಸಿಕ್ಕಿಸಿದ ಉದ್ದನೆಯ ಮೈ. ಆ ಮೈಯನ್ನು ಹಿಂದಕ್ಕೆ ನಡೆಸಿ, ಸಾಲಾಗಿ ನಿಲ್ಲಿಸಿದ ಕೆಂಪು ಗೂಟಗಳ ನಡುವೆ ಕೂರಿಸಬೇಕು. ಅದೇ ಪರೀಕ್ಷೆ. ಮೊದಲ ಸಲ ನಿಧಾನಪ್ಪ ಎರಡು ಗೂಟ ಬೀಳಿಸಿದ, ಎರಡನೇ ಸಲ ಒಂದು. ಕಂಪನಿ ಪರೀಕ್ಷೆಗೆ ಕಳಿಸುವುದು ಮೂರೇ ಸಲ. ಮೂರನೆಯದು ಮಂಗಳವಾರ ಬೆಳಿಗ್ಗೆ ಎಂದು ಗೊತ್ತಾಯಿತು. ಅದಕ್ಕೆ ಮುಂಚಿನ ಶನಿವಾರ, ಭಾನುವಾರ, ಸೋಮವಾರ ದೇಶಕ್ಕೇ ರಜೆ.

"ಒಬ್ಬನೇ ಕೋಣೆಯಲ್ಲಿ ಕೂತು ಗೋಡೆ ಎಣಿಸ್ಬೇಡ, ಬಾ" ಎಂದು ಅಕ್ಕ ಫೋನು ಮಾಡಿದಳು. ಅದೇ ದೇಶದಲ್ಲಿ, ಬಸ್ಸಿನಲ್ಲಿ ಐದು ತಾಸು ದೂರದ ಊರಿನಲ್ಲಿ ಅವಳ ಮನೆ. ಭಾವ ಹದಿನೆಂಟು ವರ್ಷದಿಂದ ಟ್ರೇಲರ್ ಓಡಿಸುವವನು. ಮನೆಯಲ್ಲಿ ಇನ್ನೊಬ್ಬರೆಂದರೆ ಭಾವನ ತಾಯಿ. ಎರಡು ವರ್ಷದ ಹಿಂದೆ ಬಂದ ಆ ಮುದುಕಿಯನ್ನು ಎಲ್ಲರೂ ಅಜ್ಜಿ ಎನ್ನುತ್ತಾರೆ.

ಶನಿವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಅಕ್ಕ ಎರಡನೇ ಸಲ ಅನ್ನ ಬಡಿಸಿ, ಸೌಟನ್ನು ಕೈಯಲ್ಲೇ ಹಿಡಿದು ನಿಂತಳು.

"ಏನಕ್ಕ?"

"ಏನಿಲ್ಲ ಕಣೋ. ಹೋದ ವಾರ ನಿನ್ನ ಹೆಂಡತಿ ಫೋನಲ್ಲಿ ಅತ್ತುಬಿಟ್ಳು. ನನ್ನ ಮನಸ್ಸು ತಡೀಲಿಲ್ಲ. ಪಾಸಾದ, ಎಲ್ಲಾ ಆಯ್ತು, ಅವನೇ ಹೇಳೋವರೆಗೂ ನೀನು ಕೇಳ್ಬೇಡ ಅಂದ್ಬಿಟ್ಟೆ."

ನಮ್ಮ ಮನೆತನದ ಹೆಂಗಸರಿಗೆ ಒಂದು ರೂಢಿ. ಆಗಬೇಕಾದ ಒಳ್ಳೆಯದನ್ನು ಆಗಿಹೋಯಿತೆಂದೇ ನುಡಿಯುತ್ತಾರೆ. ಮೇಲೆ ಅಸ್ತು ದೇವತೆಗಳು ಓಡಾಡುತ್ತಿರುತ್ತಾರಂತೆ, ಕಿವಿಗೆ ಬಿದ್ದದ್ದಕ್ಕೆ ಅಸ್ತು ಎನ್ನುತ್ತಾರಂತೆ. ನಮ್ಮಲ್ಲಿ ಮಳೆ ಬರುವ ಮೊದಲೇ ಕೆರೆ ತುಂಬಿರುತ್ತದೆ. ಆದರೆ ನಿಧಾನಪ್ಪನ ಹೆಂಡತಿ ಬೇರೆ ಮನೆಯಿಂದ ಬಂದವಳು. ಅವಳಿಗೆ ಆಯಿತೆಂದರೆ ಆಯಿತು. ಮರುದಿನವೇ ಹೊಲಿಗೆ ಕಲಿಸುವ ತನ್ನ ಕೆಲಸ ಬಿಟ್ಟು, ಮಗಳ ಶಾಲೆಗೆ ಹೋಗಿ ವರ್ಗಾವಣೆ ಪತ್ರವನ್ನೂ ಬರೆಸಿಕೊಂಡಿದ್ದಳು. ಅದನ್ನೂ ಅಕ್ಕನೇ ಹೇಳಿದಳು.

ನಿಧಾನಪ್ಪನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

"ತಪ್ಪಾಯ್ತೇನೋ?" ಎಂದಳು ಅಕ್ಕ.

"ತಪ್ಪಲ್ಲ ಬಿಡಕ್ಕ" ಎಂದ.

ಸಂಜೆ ಭಾವ ಪಾಠ ಶುರು ಮಾಡಿದ. ಟೀವಿಯ ರಿಮೋಟಿಗೆ ಬೆಂಕಿಪೊಟ್ಟಣ ಸೇರಿಸಿ ಟ್ರೇಲರ್ ಮಾಡಿದ. ಚಮಚಗಳು ಗೂಟಗಳಾದವು. ಒಳ್ಳೆಯ ಚಾಲಕ ಒಳ್ಳೆಯ ಮೇಷ್ಟ್ರಾಗಬೇಕೆಂದು ಎಲ್ಲೂ ಬರೆದಿಲ್ಲವಲ್ಲ.

"ಎಡಕ್ಕೆ! ಅಯ್ಯೋ, ನಿನ್ನ ಎಡಕ್ಕಲ್ಲ, ಅದರ ಎಡಕ್ಕೆ! ಬೇಗ ತಿರುಗಿಸು! ಕೊಟ್ಟ ಹೊತ್ತು ಹತ್ತೇ ನಿಮಿಷ ಕಣಪ್ಪಾ, ನೀನು ಸ್ಟೀರಿಂಗ್ ಮುಟ್ಟೋದ್ರೊಳಗೆ ಅವರು ಊಟಕ್ಕೆ ಎದ್ದಿರ್ತಾರೆ."

"ಭಾವ, ನೀವು ಕೂಗಿದ್ರೆ ನನಗೆ ಎಡಬಲ ಎರಡೂ ಹೋಗುತ್ತೆ."

"ಕೂಗ್ತಾ ಇಲ್ಲಪ್ಪಾ, ಹೇಳ್ತಾ ಇದೀನಿ!" ಎಂದು ಭಾವ ಕೂಗಿದ. ಪಕ್ಕದ ಮನೆಯವರು ಗೋಡೆ ತಟ್ಟಿದರು.

ಮೂಲೆಯಲ್ಲಿ ಅವರೆಕಾಳಿನಂಥ ಮಾತ್ರೆಗಳನ್ನು ಡಬ್ಬಿಗೆ ತುಂಬುತ್ತಿದ್ದ ಅಜ್ಜಿ ಒಮ್ಮೆ ಕತ್ತೆತ್ತಿ ನೋಡಿತು.

ಭಾನುವಾರ ಬೆಳಿಗ್ಗೆ ಅಜ್ಜಿಯ ಜೊತೆ ನಿಧಾನಪ್ಪ ತರಕಾರಿಗೆ ಹೋದ. ಆ ದೇಶದಲ್ಲಿ ಮುದುಕರೆಲ್ಲ ಎಳೆದುಕೊಂಡು ಹೋಗುವ ಒಂದು ಚೀಲವಿದೆ. ಕೆಳಗೆ ಎರಡು ಗಾಲಿ, ಮೇಲೆ ಉದ್ದನೆಯ ಹಿಡಿ. ಇಪ್ಪತ್ತು ಕಿಲೋ ತುಂಬಿದ ಚೀಲವನ್ನು ಮನೆಗೆ ತಂದು, ಬಾಗಿಲ ಬಳಿಯ ಕಿರಿದಾದ ದಾರಿಯಲ್ಲಿ ಅಜ್ಜಿ ಅದನ್ನು ಹಿಂದಕ್ಕೆ ತಳ್ಳಿತು. ಹಿಡಿಯನ್ನು ಒಂದಿಷ್ಟು ಎಡಕ್ಕೆ ಸರಿಸಿತು. ಚೀಲದ ಬೆನ್ನು ಬಲಕ್ಕೆ ಹೊರಳಿತು. ಮತ್ತೆ ಹಿಡಿಯನ್ನು ನೇರ ಮಾಡಿತು. ಒಂದು ಕಡೆ ಚಪ್ಪಲಿ ಗೂಡು, ಇನ್ನೊಂದು ಕಡೆ ಬಟ್ಟೆ ಒಗೆಯುವ ಯಂತ್ರ, ನಡುವೆ ಒಂದೂವರೆ ಗೇಣು ಜಾಗ. ಎಲ್ಲೂ ತಾಗದೆ ಚೀಲ ಒಳಗೆ ಹೋಗಿ ಕೂತಿತು. ಅಜ್ಜಿ ಹಿಡಿಯ ಕಡೆ ನೋಡಿರಲೇ ಇಲ್ಲ.

ನಿಧಾನಪ್ಪ ಕೊತ್ತಂಬರಿ ಕಟ್ಟು ಹಿಡಿದು ನಿಂತೇ ಇದ್ದ. "ಅಜ್ಜಿ, ಇನ್ನೊಂದ್ಸಲ ಮಾಡಿ."

"ಯಾಕೆ, ಸರಿಯಾಗಿ ಕೂತಿಲ್ವಾ?"

"ಕೂತಿದೆ. ಅದಕ್ಕೇ ಕೇಳ್ತಾ ಇರೋದು."

ಅಜ್ಜಿಗೆ ನಗು ಬಂತು. "ಇದೇನು ಮಹಾ? ನಮ್ಮಪ್ಪನ ಮನೇಲಿ ಗಂಡುಮಕ್ಕಳಿರ್ಲಿಲ್ಲ. ಎತ್ತು ಬಿಚ್ಚಿ ಕಟ್ಟಿದ ಮೇಲೆ ಗಾಡಿಯ ಮುಂದೆ ಚಾಚಿರೋ ಮರದ ಮೂಕಿ ಹಿಡ್ಕೊಂಡು ಹಿಂದಕ್ಕೆ ತಳ್ಳಿ ಕೊಟ್ಟಿಗೆಗೆ ಸೇರಿಸ್ತಿದ್ದೋಳು ನಾನೇ. ಮೂಕಿ ಎಡಕ್ಕೆ ಹೋದ್ರೆ ಗಾಡಿ ಬೆನ್ನು ಬಲಕ್ಕೆ ಹೋಗುತ್ತೆ. ಕೈ ನೋಡ್ಬಾರ್ದು, ಗಾಲಿ ನೋಡ್ಬೇಕು. ಗಾಲಿ ಏನು ಮಾಡಿತು ಅಂತ ತಿಳಿಯೋವರೆಗೂ ಕೈ ಅಲ್ಲಾಡಿಸ್ಬಾರ್ದು."

"ಬೇಗ ತಿರುಗಿಸು ಅಂತಾರಲ್ಲ ಭಾವ?"

"ಅವನು ಹುಟ್ಟಿದ್ದೂ ಎಂಟೇ ತಿಂಗಳಿಗೆ. ಬಿಡು ಅವನ ಮಾತು. ಮುಂದಕ್ಕೆ ಹೋಗೋಕೆ ಯಾರಾದ್ರೂ ಆದೀತು ಮಗಾ. ಹಿಂದಕ್ಕೆ ಹೋಗೋಕೆ ನಿಧಾನದೋನೇ ಬೇಕು."

ನಿಧಾನಪ್ಪನಿಗೆ ತನ್ನ ಎರಡೂ ಸೋಲು ಕಣ್ಣ ಮುಂದೆ ಬಂದವು. ಎರಡು ಸಲವೂ ಅವನು ತಾನಾಗಿರಲಿಲ್ಲ. ಎಲ್ಲರೂ ನಿಧಾನಿ ಎನ್ನುತ್ತಾರೆಂದು ಅಲ್ಲಿ ಅವಸರ ಮಾಡಿದ್ದ. ಟ್ರೇಲರಿನ ಮೈ ಒಂದು ಕಡೆ ವಾಲುವ ಮೊದಲೇ ಸ್ಟೀರಿಂಗನ್ನು ಇನ್ನೊಂದು ಕಡೆ ಎಳೆದಿದ್ದ.

ಅವತ್ತೆಲ್ಲ ಅವನು ಮನೆಯ ಹಿಂದಿನ ಕಾರು ನಿಲ್ಲಿಸುವ ಜಾಗದಲ್ಲಿ ತರಕಾರಿ ಚೀಲ ತಳ್ಳಿದ. ಎರಡು ಬಕೆಟ್ಟಿನ ನಡುವೆ, ಆಮೇಲೆ ಎರಡು ಲೋಟದ ನಡುವೆ. ಕಿಟಕಿಗಳಲ್ಲಿ ತಲೆಗಳು ಮೂಡಿದವು. "ಮಾನ ಹೋಗುತ್ತಪ್ಪಾ, ಒಳಗೆ ಬಾ" ಎಂದ ಭಾವ. "ಮಾನ ಚೀಲದಲ್ಲೇ ಇದೆ ಭಾವ, ಬೀಳದ ಹಾಗೆ ತಳ್ತಾ ಇದೀನಿ" ಎಂದ ಇವನು. ಅಷ್ಟು ಚುರುಕಾಗಿ ಅವನು ಉತ್ತರ ಕೊಟ್ಟದ್ದು ಅದೇ ಮೊದಲು ಎಂದು ಅಕ್ಕ ಈಗಲೂ ಹೇಳುತ್ತಾಳೆ.

ಸೋಮವಾರ ಬೆಳಿಗ್ಗೆ ಭಾವ ತನ್ನ ಕಂಪನಿಯ ಮಾಲೀಕನನ್ನು ಕೇಳಿಕೊಂಡು, ರಜೆಯಿಂದ ಖಾಲಿ ಬಿದ್ದಿದ್ದ ಲಾರಿ ಅಂಗಳಕ್ಕೆ ಕರೆದೊಯ್ದ. ಅಜ್ಜಿಯೂ ಹೊರಟಿತು. ಬೇಲಿಯ ಬಳಿ ಕುರ್ಚಿ ಹಾಕಿಸಿಕೊಂಡು ಕೂರುವ ಮೊದಲು ಮಗನ ಅಂಗೈಗೆ ಒಂದು ಹಿಡಿ ಪೆಪ್ಪರಮೆಂಟು ಸುರಿಯಿತು. "ಇವನು ಹಿಂದಕ್ಕೆ ಹೋಗೋವಾಗ ಒಂದೊಂದೇ ಬಾಯಿಗೆ ಹಾಕ್ಕೋ. ಕರಗೋವರೆಗೂ ಮಾತಾಡ್ಬೇಡ. ಕಚ್ಚಿ ತಿಂದೀಯೆ, ಜೋಕೆ!"

ಭಾವ ಪಕ್ಕದ ಸೀಟಿನಲ್ಲಿ ಕೆನ್ನೆ ಉಬ್ಬಿಸಿಕೊಂಡು ಕೂತ. ಮೊದಲ ಸಲ ಟ್ರೇಲರಿನ ಮೈ ಹಾವಿನಂತೆ ಸೊಟ್ಟಗೆ ಹೋಯಿತು. ಭಾವನ ಗಂಟಲಲ್ಲಿ 'ಹ್ಞೂಂ' ಎಂಬ ಸದ್ದು ಬಂತಷ್ಟೆ. ನಿಧಾನಪ್ಪ ನಿಲ್ಲಿಸಿದ, ಮುಂದೆ ಬಂದ, ಕನ್ನಡಿಯಲ್ಲಿ ಹಿಂದಿನ ಗಾಲಿಯನ್ನೇ ನೋಡುತ್ತ ಮತ್ತೆ ಹೊರಟ. ಸ್ಟೀರಿಂಗ್ ಒಂದು ಗೇಣು ತಿರುಗಿಸಿ ಕಾದ. ಗಾಲಿ ಮೆಲ್ಲಗೆ ಹೊರಳಿತು. ಆಮೇಲೆ ನೇರ ಮಾಡಿದ. ನಾಲ್ಕನೆಯ ಪೆಪ್ಪರಮೆಂಟು ಕರಗುವ ಹೊತ್ತಿಗೆ ಟ್ರೇಲರ್ ಎರಡು ಹಳೆಯ ಟೈರುಗಳ ನಡುವೆ ಹೋಗಿ ಕೂತಿತ್ತು. ಐದನೆಯದಕ್ಕೆ ಮತ್ತೆ ಕೂತಿತು. ಆರನೆಯದನ್ನು ಭಾವ ತಾನಾಗಿಯೇ ಬಾಯಿಗೆ ಹಾಕಿಕೊಂಡ.

ಸಂಜೆಯ ಬಸ್ಸು ಹತ್ತುವ ಮೊದಲು ನಿಧಾನಪ್ಪ ಹೆಂಡತಿಗೆ ಫೋನು ಮಾಡಿದ. ಎರಡು ದಿನದಿಂದ ಹೇಳದೆ ಉಳಿಸಿಕೊಂಡಿದ್ದ ಮಾತು ಅದು.

"ನೋಡು, ಅಕ್ಕ ಹೇಳಿದ್ದು ಆಸೆಯಿಂದ ಹೇಳಿದ್ದು. ನಾನಿನ್ನೂ ಪಾಸಾಗಿಲ್ಲ. ಪರೀಕ್ಷೆ ನಾಳೆ."

"ಈಗ ಹೇಳ್ತಿದೀರಲ್ಲ ರೀ! ಕೆಲಸ ಬಿಟ್ಟು ಕೂತಿದೀನಿ ನಾನು."

"ಗೊತ್ತು. ಬೈಯಿ."

"ಬೈಯೋಕೆ ನಾಳೆ ಆದ್ಮೇಲೂ ಸಮಯ ಇರುತ್ತೆ." ಆಮೇಲೆ ದನಿ ಇಳಿಯಿತು. "ಅವಸರ ಮಾತ್ರ ಮಾಡ್ಬೇಡಿ. ಹೊರಡೋಕೆ ಕಟ್ಟಿಟ್ಟ ಗಂಟು ನಾನು ಬಿಚ್ಚೋದಿಲ್ಲ."

ಮಂಗಳವಾರ ಬೆಳಿಗ್ಗೆ ಪರೀಕ್ಷೆಯ ಅಧಿಕಾರಿ ಗಡಿಯಾರ ನೋಡಿ ಕೈ ಬೀಸಿದ. ನಿಧಾನಪ್ಪ ಹಿಂದಕ್ಕೆ ಹೊರಟ. ಅರ್ಧ ದಾರಿಯಲ್ಲಿ ಹಿಂದಿನ ಮೂಲೆ ಕೊನೆಯ ಗೂಟದ ಕಡೆ ವಾಲಿತು. ಹಿಂದಿನ ಸಲ ಬಿದ್ದ ಗೂಟವೇ. ಕೈ ತಾನಾಗಿ ಎಳೆಯಲು ಹೋಯಿತು. ತಡೆದ. ಬ್ರೇಕು ಒತ್ತಿದ. ಅಧಿಕಾರಿ ಮತ್ತೆ ಗಡಿಯಾರ ನೋಡಿದ. ಹಾಗೆ ಒಂದು ಸಲ ಮುಂದೆ ಬಂದು ಸರಿಮಾಡಿಕೊಳ್ಳಲು ಅನುಮತಿಯಿತ್ತು. ಮೊದಲ ಎರಡು ಸಲ ಅದನ್ನು ಕೇಳಲು ಅವನಿಗೆ ನಾಚಿಕೆಯಾಗಿತ್ತು. ಈ ಸಲ ಕೇಳಿ ಮುಂದೆ ಬಂದ. ಗಾಲಿಯನ್ನು ನೋಡಿದ, ಕಾದ, ಮತ್ತೆ ಹೊರಟ. ಕೊಟ್ಟ ಹತ್ತು ನಿಮಿಷದಲ್ಲಿ ಒಂಬತ್ತು ಮುಗಿದು ಮೇಲೆ ಒಂದಿಷ್ಟು ಆಗಿದ್ದಾಗ ಟ್ರೇಲರ್ ನಿಂತಿತು. ಎಲ್ಲ ಗೂಟಗಳೂ ನಿಂತಿದ್ದವು.

ಆಮೇಲೆ ರಸ್ತೆಯಲ್ಲಿ ಮುಂದಕ್ಕೆ ಓಡಿಸಿ ತೋರಿಸಬೇಕಿತ್ತು. ಅದರಲ್ಲಿ ಅವನಿಗೆ ಎಂದೂ ತೊಂದರೆಯಿರಲಿಲ್ಲ.

ಪಾಸಾದ ಸುದ್ದಿ ಮೊದಲು ಹೆಂಡತಿಗೆ ಹೋಯಿತು, ಅವಳ ಬೈಗುಳ ಬಾಯಲ್ಲೇ ಉಳಿಯಿತು. ಅಕ್ಕನಿಗೆ ಹೋದಾಗ ಅವಳು "ನಾನು ಆವತ್ತೇ ಹೇಳಿರ್ಲಿಲ್ವಾ!" ಎಂದು ಗೆದ್ದವಳಂತೆ ಕೂಗಿದಳು. ಭಾವ ಫೋನು ಕಸಿದುಕೊಂಡು, ಎಷ್ಟು ಡಿಗ್ರಿ ತಿರುಗಿಸಿದೆ, ಯಾವ ಕನ್ನಡಿ ನೋಡಿದೆ ಎಂದು ವಿಚಾರಣೆಗೆ ನಿಂತ. ಕೊನೆಗೆ ಫೋನು ಅಜ್ಜಿಯ ಕೈಗೆ ಬಂತು.

"ಅಜ್ಜಿ, ಗಾಡಿ ಕೊಟ್ಟಿಗೆ ಸೇರ್ತು."

"ಸೇರದೆ ಏನು ಮಾಡುತ್ತೆ" ಎಂದಿತು ಅಜ್ಜಿ. "ಕೊಟ್ಟಿಗೇಲಿ ಕಟ್ಟಿದ ಎತ್ತು ಬೆದರೋ ಭಯ ಇರ್ಲಿಲ್ವಲ್ಲ ನಿನಗೆ. ಮಗಳು ಬಂದ್ಮೇಲೆ ಇಲ್ಲಿಗೆ ಕರ್ಕೊಂಡು ಬಾ. ಚೀಲ ತಳ್ಳೋಕೆ ನನಗೂ ಒಬ್ಬರು ಬೇಕು."